ಸ್ವಲ್ಪ ಸ್ವಲ್ಪವಾಗಿ

ಹೆಂಡತಿ ಬೆನ್ನು ತಿರುಗಿಸಿದ ಕೂಡಲೇ ಸದಾಶಿವ ಚಹಾವನ್ನು ಕಿಟಕಿಯಾಚೆ ಚೆಲ್ಲಿದ. ಖಾಲಿ ಲೋಟವನ್ನು ತುಟಿಗೆ ಹಿಡಿದು, ಕೊನೆಯ ಗುಟುಕು ಕುಡಿಯುವವನಂತೆ ನಟಿಸಿದ.

"ಕುಡದ್ರ್ಯಾ?" ಶಿಲ್ಪಾ ಕೇಳಿದಳು.

"ಹೂಂ."

ಅವಳು ಲೋಟ ತೆಗೆದುಕೊಂಡಳು. ಕೈ ನಡುಗುತ್ತಿತ್ತು. ಅದನ್ನೂ ಅವನು ಗಮನಿಸಿದ.

ಸದಾಶಿವನದು ದಾಸನಕೊಪ್ಪದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಮೋಟಾರಿನ ಸದ್ದು ಚೂರು ಬದಲಾದರೂ ಅವನಿಗೆ ತಿಳಿಯುತ್ತಿತ್ತು. ಮನೆಯಲ್ಲಿ ಬದಲಾದದ್ದು ಮಾತ್ರ ತಡವಾಗಿ ತಿಳಿಯಿತು. ಮದುವೆಯಾದಾಗಿನಿಂದ ಸಿಗರೇಟು ಬಿಡಿ ಎಂದು ಬೆನ್ನು ಹತ್ತಿದ್ದವಳು ಆ ಮಾತನ್ನೇ ನಿಲ್ಲಿಸಿದ್ದಳು. ಅವನು ಪಡಸಾಲೆಯಲ್ಲಿ ಕೂತು ಸೇದುವಾಗ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ರೆಪ್ಪೆ ಬಡಿಯದೆ, ಸಿಗರೇಟು ಉರಿದು ಮುಗಿಯುವವರೆಗೆ. ಬಾಯಲ್ಲಿ ಲವಂಗ ಅಗಿಯುತ್ತ.

ಅವಳಿಗೆ ಸಿಟ್ಟಿರಲು ಕಾರಣವೂ ಇತ್ತು. ಹೋದ ಬೇಸಿಗೆಯಲ್ಲಿ ಅವನ ಸಿಗರೇಟು ಪಾಕೀಟು ಕಾಣೆಯಾಗಿತ್ತು. ಎಲ್ಲಿ ಬಚ್ಚಿಟ್ಟೆ ಎಂದು ಕೇಳಿ ಕೆನ್ನೆಗೆ ಹೊಡೆದಿದ್ದ. ಅವಳು ಅಳಲಿಲ್ಲ, ಬಾಯಿಯೂ ಬಿಡಲಿಲ್ಲ. ಆ ಮೌನ ಈಗ ಅವನನ್ನು ಹೆದರಿಸುತ್ತಿತ್ತು.

ಆಮೇಲೆ ಅಕ್ಕಿ ಡಬ್ಬಿಯಲ್ಲಿ ಗುಳಿಗೆಗಳು ಸಿಕ್ಕವು. ಗುಳಿಗೆ ಪಟ್ಟಿಯಲ್ಲಿ ಹೆಸರಿದ್ದ ಭಾಗವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಏನಿದು ಎಂದು ಕೇಳುವಷ್ಟರಲ್ಲಿ ಶಿಲ್ಪಾ ಕಸಿದುಕೊಂಡಳು.

"ತಲಿ ನೋವಿಂದು. ನಿಮಗ್ಯಾಕ ಅದು?"

ಮಾರನೆಯ ಮಧ್ಯಾಹ್ನ ಅವನು ಊಟಕ್ಕೆಂದು ಬಂದಾಗ ಅವಳು ಹಿತ್ತಲಲ್ಲಿ ಫೋನಿನಲ್ಲಿದ್ದಳು. ದನಿ ತೀರ ತಗ್ಗಿತ್ತು.

"ಇಲ್ರಿ, ಅವರಿಗೆ ಇನ್ನೂ ಗೊತ್ತಾಗಿಲ್ಲ. ಸ್ವಲ್ಪ ಸ್ವಲ್ಪನೇ ಮಾಡಾಕತ್ತೀನಿ. ಒಮ್ಮಿಗೇ ಮುಗಿಸಿದ್ರ ಮನ್ಯಾಗ ಅನುಮಾನ ಬರ್ತದ."

ಸದಾಶಿವ ಊಟ ಮಾಡದೆ ಹಿಂದಿರುಗಿದ. ಅಂದಿನಿಂದ ಖಾನಾವಳಿಯ ಊಟ, ಅಂಗಡಿಯೆದುರಿನ ಚಹಾ. ಹೆದರಿಕೆಗೆ ಸಿಗರೇಟೂ ಹೆಚ್ಚಾಯಿತೇನೋ, ಪಾಕೀಟು ಬೇಗ ಬೇಗ ಖಾಲಿಯಾಗುತ್ತಿತ್ತು. ರಾತ್ರಿ ಅವಳು ಹಾಸಿಗೆಯಲ್ಲಿ ಹೊರಳಾಡುವುದು ಕೇಳಿಸಿದರೆ ಇವನು ಉಸಿರು ಬಿಗಿಹಿಡಿದು ಮಲಗುತ್ತಿದ್ದ.

ಟೆಂಪೊ ಓಡಿಸುವ ಗೆಳೆಯ ಸುಭಾಷನಿಗೆ ಮಾತ್ರ ಎಲ್ಲ ಹೇಳಿಕೊಂಡ. ಸುಭಾಷ್ ಸುತ್ತ ನೋಡಿ ಹತ್ತಿರ ಸರಿದ.

"ನಿನ್ನ ಮನಿಯಾಕಿ ಪ್ರತಿ ಮಂಗಳವಾರ ಸಿರಸಿ ಬಸ್ ಹತ್ತತಾಳ. ನಿನಗ ಏನಂತ ಹೇಳ್ಯಾಳ?"

ಬನವಾಸಿಗೆ, ಅಕ್ಕನ ಮನೆಗೆ ಎಂದು ಹೇಳಿದ್ದಳು. ಬನವಾಸಿ ಇರುವುದು ಆ ಕಡೆಗಲ್ಲ.

ಮುಂದಿನ ಮಂಗಳವಾರ ಸದಾಶಿವ ಬೈಕಿನಲ್ಲಿ ಬಸ್ಸಿನ ಬೆನ್ನು ಹಿಡಿದ. ಸಿರಸಿಯಲ್ಲಿ ಇಳಿದ ಶಿಲ್ಪಾ ಸೆರಗನ್ನು ತಲೆಯ ಮೇಲೆಳೆದುಕೊಂಡು ಬಿರಬಿರನೆ ನಡೆದಳು. ಒಂದು ಆಸ್ಪತ್ರೆಯ ಹಿಂಬದಿಯ ಕೋಣೆಯನ್ನು ಹೊಕ್ಕು ಬಾಗಿಲು ಮುಚ್ಚಿದಳು. ಗುಳಿಗೆ ಕೊಡುವವರು ಯಾರೆಂದು ಇವತ್ತು ತಿಳಿದೇಬಿಡಬೇಕು. ಅವನು ಮುಷ್ಟಿ ಬಿಗಿದು ಬಾಗಿಲಿಗೆ ಬಂದ.

ಬಾಗಿಲ ಮೇಲೆ ಒಂದು ಬೋರ್ಡು: 'ಬೀಡಿ, ಸಿಗರೇಟು ಬಿಡಲು ಸಲಹಾ ಕೇಂದ್ರ'.

ಅವನ ಮುಷ್ಟಿ ಸಡಿಲಾಯಿತು. ಎರಡು ಸಲ ಓದಿದ. ಗುಳಿಗೆ, ಫೋನು, ಸುಳ್ಳು ಎಲ್ಲ ಒಮ್ಮೆಲೇ ಅರ್ಥವಾದವು. ಗಂಡ ಹೇಳಿದರೆ ಕೇಳುವವನಲ್ಲ. ಅದಕ್ಕೇ ಅವನಿಗೆ ತಿಳಿಯದಂತೆ, ಸ್ವಲ್ಪ ಸ್ವಲ್ಪವಾಗಿ, ಚಹಾದಲ್ಲಿ ಔಷಧ ಬೆರೆಸಿ ಬಿಡಿಸಲು ಹೊರಟಿದ್ದಾಳೆ. ಇಂಥವಳನ್ನು ಕೊಲೆಗಾತಿ ಎಂದುಕೊಂಡಿದ್ದೆನಲ್ಲ!

ಬಾಗಿಲು ತಳ್ಳಿ ಒಳಗೆ ಹೋದ. ಶಿಲ್ಪಾಳ ಮುಖ ಬಿಳಿಚಿಕೊಂಡಿತು. ಮೇಜಿನಾಚೆ ಸಲಹೆಗಾರ್ತಿ ನಮಿತಾ ಕುಳಿತಿದ್ದರು.

"ನಾನು ಇಕಿ ಗಂಡ ರೀ," ಎಂದ ಸದಾಶಿವ. "ಮುಚ್ಚಿಡೂದು ಬ್ಯಾಡ ಶಿಲ್ಪಾ. ಎಲ್ಲಾ ಗೊತ್ತಾತು. ನನಗ ಒಂದ್ ಮಾತು ಹೇಳಿದ್ರ ನಾನ ಬರ್ತಿದ್ದೆ."

"ನಿಮಗ ಸಿಟ್ಟಿಲ್ಲೇನ್ರಿ?" ಅವಳ ದನಿ ನಡುಗಿತು.

"ಯಾಕ ಸಿಟ್ಟು? ನಾನ ನಿನ್ನ ಕಾಲಿಗೆ ಬೀಳಬೇಕು."

ನಮಿತಾ ನಿಟ್ಟುಸಿರು ಬಿಟ್ಟು ನಕ್ಕರು. "ಒಳ್ಳೇದಾಯ್ತು ಬಂದದ್ದು. ಮನೆಯವರು ಜೊತೆಗಿದ್ದರೆ ಬಿಡುವುದು ಅರ್ಧ ಸುಲಭ."

ಸದಾಶಿವ ಜೇಬಿನಿಂದ ಸಿಗರೇಟು ಪಾಕೀಟು ತೆಗೆದು, ಹೆಂಡತಿಯ ಮುಂದೆ ಮೇಜಿನ ಮೇಲಿಟ್ಟ. "ತಗೋ. ಇವತ್ತಿಗೆ ಮುಗೀತು."

ಶಿಲ್ಪಾ ಎರಡೂ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು ಮುಖ ಆಚೆ ತಿರುಗಿಸಿದಳು.

"ಅದನ್ನ ನನ್ನ ಮುಂದಿಂದ ತಗೀರಿ. ಒಂದ ಒಂದು ಸೇದಿಬಿಡ್ತೀನಿ ಅನ್ನಸ್ತದ."