ಮಾವಿನಹಣ್ಣಿನ ಗುರುತು

ಶಾಲಾ ಸಂಸತ್ತಿನ ಚುನಾವಣೆ. ಫರ್ಹಾನಾಳ ಗುರುತು ಛತ್ರಿ, ಚನ್ನವೀರನದು ಮಾವಿನಹಣ್ಣು. ಮತಪೆಟ್ಟಿಗೆಗೆ ಅಂಟಿಸುವ ಚಿತ್ರವನ್ನು ಅವರವರೇ ಬರೆದು ತರಬೇಕೆಂದು ಡ್ರಾಯಿಂಗ್ ಮಾಸ್ತರರು ಹೇಳಿದ್ದರು.

"ನಂಗ ಚಿತ್ರ ತೆಗಿಯಾಕ ಬರಂಗಿಲ್ಲ, ನೀನ ತೆಗದು ಕೊಡು," ಎಂದು ಚನ್ನವೀರ ಎದುರಾಳಿಯನ್ನೇ ಕೇಳಿದ.

ಅವಳು ಮಧ್ಯಾಹ್ನವೆಲ್ಲ ಕೂತು ಹಣ್ಣು ಬಿಡಿಸಿದಳು. ನೋಡಿದವರ ಬಾಯಲ್ಲಿ ನೀರೂರಿತು. ತನ್ನ ಛತ್ರಿಯನ್ನು ಗಡಿಬಿಡಿಯಲ್ಲಿ ಗೀಚಿ ಮುಗಿಸಿದಳು.

ಎಣಿಕೆಯಾಯಿತು. ಛತ್ರಿಗೆ ಒಂದೇ ಮತ.

"ಅದೊಂದು ನಿಂದ ಏನವ್ವಾ?" ಮಾಸ್ತರರು ನಕ್ಕರು.

"ಇಲ್ರಿ ಸರ. ಹಣ್ಣು ಭಾಳ ಚಂದ ಬಂದಿತ್ತು, ನಾನೂ ಅದಕ್ಕ ಹಾಕೇನಿ."

ತರಗತಿಯೆಲ್ಲ ಗೊಳ್ಳೆಂದಿತು.

"ಹಂಗಾರ ಛತ್ರಿಗೆ ಹಾಕಿದವರು ಯಾರು?"

ಗೆದ್ದ ಚನ್ನವೀರ ನಾಚಿಕೊಂಡು ಕೈ ಎತ್ತಿದ.