ಮೊಳೆ ಹೊಡೆದ ಟೈರು

ಧಾರವಾಡದಲ್ಲಿ ಈ ವರ್ಷವೂ ದೀಪಾವಳಿ ಮುಗಿಯುವುದರೊಳಗೆ ಹಿಮ ಬಿತ್ತು. ಗುಡ್ಡದ ಮೇಲಿನ ಹುಡುಗಿಯರ ಹಾಸ್ಟೆಲ್ಲಿಗೆ ಬಿಸಿ ರೊಟ್ಟಿ ಮೊದಲು ಮುಟ್ಟಿಸಿದವರಿಗೇ ಚಳಿಗಾಲ ಪೂರ್ತಿ ದಿನಾ ರೊಟ್ಟಿ ಹಾಕುವ ವರ್ತನೆ ಎಂದು ವಾರ್ಡನ್ ಹೇಳಿದ್ದರು. ರೊಟ್ಟಿ ಮಾರುವ ನೀಲವ್ವ ಸೈಕಲ್ ಕೊಳ್ಳಲು ದಾವಲಸಾಬನ ಅಂಗಡಿಗೆ ಬಂದಳು.

"ಈ ಗೇರ್ ಸೈಕಲ್ ಒಯ್ಯಬೇ ಅಕ್ಕಾ. ಟೈರ್ ದಪ್ಪ ಅದಾವ. ರೊಟ್ಟಿ ಚನಬಸಪ್ಪನೂ ಇದನ್ನ ಒಯ್ದಾನ."

"ಗೇರ್ ಹೆಪ್ಪುಗಟ್ಟಿದ್ರ ನೀ ಬಂದು ತುಳೀತಿಯೇನು? ಆ ಹಾಲಿನವರ ಹಳೇ ಸೈಕಲ್ ಕೊಡು. ಟೈರಿಗೆ ಒಳಗಿಂದ ಮೊಳಿ ಹೊಡಿ."

"ಟ್ಯೂಬ್ ಪಂಕ್ಚರ್ ಆಗ್ತೈತಿ!"

"ನಡುವ ಹಳೇ ಟ್ಯೂಬ್ ಕೊಯ್ದು ಹಾಸು. ಅದನ್ನೂ ನಾನ ಹೇಳಬೇಕೇನು?"

ಮರುದಿನ ಬೆಳಿಗ್ಗೆ ಗುಡ್ಡದ ಏರಿನಲ್ಲಿ ಚನಬಸಪ್ಪ ಜಾರಿ ಬಿದ್ದು ಎದ್ದು, ಗೇರ್ ಸೈಕಲ್ಲನ್ನು ನೂಕುತ್ತಿದ್ದ. ಹಿಂದಿನಿಂದ ನೀಲವ್ವ ಮಂಜುಗಡ್ಡೆಯನ್ನು ಕರಕರ ಕೊರೆಯುತ್ತ ಬಂದಳು.

"ನಿಲ್ಲಬೇ ನೀಲವ್ವಾ, ನನ್ನ ಬುಟ್ಟಿನೂ ಹೇರ್ಕೊ!"

"ಇಳದ್ರ ನಾನೂ ಬೀಳ್ತೀನೋ ಯಣ್ಣಾ! ಮೊಳಿ ಟೈರಿಗೈತಿ, ಚಪ್ಪಲಿಗಿಲ್ಲ!"

ಅವಳು ಗೇಟಿನಲ್ಲೂ ಇಳಿಯಲಿಲ್ಲ. ಹುಡುಗಿಯರ ಕೇಕೆಯ ನಡುವೆ ಸೀದಾ ಅಡುಗೆಮನೆಯೊಳಗೇ ಸೈಕಲ್ ನುಗ್ಗಿಸಿದಳು. ಬುಟ್ಟಿಯ ಬಟ್ಟೆ ಸರಿಸಿದಾಗ ಎದ್ದ ಹಬೆಗೆ ವಾರ್ಡನ್ನರ ಕನ್ನಡಕ ಪೂರ್ತಿ ಮಸುಕಾಯಿತು.