ಎಂಟು ಗೇಣಿನ ಗಾದಿ

"ಗಾದಿ ಮ್ಯಾಲ ನೀರು ಬಿದ್ರ ಒಣಗಾಕ ಎಷ್ಟು ದಿನಾ ಬೇಕ್ರಿ?"

ದಸ್ತಗೀರಸಾಬನ ಹಿಂಜುವ ಬಿಲ್ಲು ಗಕ್ಕನೆ ನಿಂತಿತು. ಮೂವತ್ತು ವರ್ಷದಿಂದ ಸವಣೂರಿನಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ ಮನುಷ್ಯ. ಮೆತ್ತಗಿರಲಿ ಅಂದವರನ್ನು ಕಂಡಿದ್ದ, ಅಗ್ಗ ಕೊಡು ಅಂದವರನ್ನು ಕಂಡಿದ್ದ. ಒಣಗುವ ಮಾತನ್ನು ಯಾರೂ ಎತ್ತಿರಲಿಲ್ಲ.

"ನಮ್ಮ ಮಾವನಾರಿಗ್ರಿ. ಭಾಳ ವಯಸ್ಸಾಗೇತಿ," ಎಂದಳು ಹೊನ್ನವ್ವ. ಅವನೇನೂ ಕೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಮಾವ ಸತ್ತು ಹನ್ನೊಂದು ವರ್ಷವಾಗಿತ್ತು. ಸತ್ತವರ ಮೇಲೆ ಸುಳ್ಳು ಹೇಳಿದ್ದಕ್ಕೆ ಮನಸ್ಸಿನಲ್ಲೇ ಗಲ್ಲ ಬಡಿದುಕೊಂಡಳು.

ತನ್ನೂರು ಹಾನಗಲ್ಲಿನಲ್ಲಿ ಗಾದಿ ಮಾಡುವವರು ಇರಲಿಲ್ಲವೇ? ಇದ್ದರು. ಗುರುತಿನವರ ಮುಂದೆ ಇಂಥ ಪ್ರಶ್ನೆ ಕೇಳುವುದು ಹೇಗೆ? ಅದಕ್ಕೇ ನವಾಬರ ಊರು ಸವಣೂರಿಗೆ ಬಂದಿದ್ದಳು. ಗಾದಿ ಬೇಕಾಗಿದ್ದುದು ಮಗಳು ಸುಶೀಲವ್ವನಿಗೆ. ಹತ್ತೊಂಬತ್ತು ತುಂಬಿದ ಹುಡುಗಿ, ಕೆಲಸಕ್ಕೆ ಎತ್ತಿದ ಕೈ. ಆದರೆ ರಾತ್ರಿ ನಿದ್ದೆಯಲ್ಲಿ ಇನ್ನೂ ಹಾಸಿಗೆ ಒದ್ದೆಯಾಗುತ್ತಿತ್ತು. ಹರಕೆ, ತಾಯಿತ, ನಾಟಿ ಔಷಧ ಎಲ್ಲ ಮುಗಿದಿದ್ದವು. ಹುಡುಗಿಯನ್ನು ಒಂದು ದಿನವೂ ನೆಂಟರ ಮನೆಯಲ್ಲಿ ಮಲಗಿಸಿರಲಿಲ್ಲ. ಬಂದ ವರಗಳನ್ನೆಲ್ಲ ಏನೇನೋ ನೆವ ಹೇಳಿ ತಿರುಗಿಸಿದ್ದಳು.

ಹಿರೇಕೆರೂರಿನ ಸಂಬಂಧ ಬಿಡಲು ಮಾತ್ರ ಮನಸ್ಸು ಬರಲಿಲ್ಲ. ಹುಡುಗ ಪರಮೇಶ್ವರಪ್ಪ ಮುಲ್ಕಿ ಪರೀಕ್ಷೆ ಪಾಸಾದ ಸಾಲಿ ಮಾಸ್ತರ. ಅವರು ಬಂಗಾರ ಕೇಳಲಿಲ್ಲ, ರೊಕ್ಕ ಕೇಳಲಿಲ್ಲ. ನಿಶ್ಚಯಕ್ಕೆ ಬಂದವನು, ರಾತ್ರಿ ವಸ್ತಿ ಉಳಿಯಿರಿ ಎಂದು ಎಷ್ಟು ಅಂಗಲಾಚಿದರೂ ಕೇಳದೆ ಅಂದೇ ಬಂಡಿ ಹೂಡಿಸಿದ. "ಬೀಗರಿಗೆ ಭಾರ ಆಗಬಾರದಂತ. ಎಂಥಾ ಸಂಭಾವಿತ!" ಎಂದು ಹೊನ್ನವ್ವನ ಗಂಡ ಊರ ತುಂಬ ಹೇಳಿಕೊಂಡು ಬಂದ. ಹುಡುಗನ ತಾಯಿ ಮಹಾದೇವಕ್ಕ ಹೇಳಿದ್ದು ಒಂದೇ ಮಾತು: "ಮಂಚ ಗಾದಿ ತರಬ್ಯಾಡ್ರಿ. ನಮ್ಮಲ್ಲೇ ಅದಾವು."

ಆ ಮಾತು ಹೊನ್ನವ್ವನ ಎದೆಯ ಮೇಲೆ ಕೂತುಬಿಟ್ಟಿತು. ಅವರ ಗಾದಿಯ ಮೇಲೆ ಮಗಳು ಮಲಗಿದರೆ ಮೊದಲ ಬೆಳಗ್ಗೆಯೇ ಗುಲ್ಲು, ಮರುದಿನ ಹುಡುಗಿ ತವರಿಗೆ. ಅದಕ್ಕೇ ಮನೆ ನೋಡಲು ಹೋದ ದಿನ, ಎಲ್ಲರೂ ಊಟಕ್ಕೆ ಕೂತಾಗ, ಒಳಗೆ ನುಸುಳಿ ಆ ಮಂಚವನ್ನು ಗೇಣು ಹಾಕಿ ಅಳೆದುಕೊಂಡಿದ್ದಳು. ಉದ್ದ ಎಂಟು, ಅಗಲ ಐದು.

"ಮೂರು ತುಂಡು ಮಾಡಿ ಕೊಡ್ತೇನ್ರಿ," ಎಂದ ದಸ್ತಗೀರಸಾಬ. "ನಡುವಿಂದು ತೆಗದು ಬಿಸಲಿಗೆ ಹಾಕ್ರಿ. ಅಂಥಾದ್ದು ಇನ್ನೊಂದು ಹೆಚ್ಚಿಗೆ ಇರ್ಲಿ. ಹಳೇ ಅರಳಿ ಬ್ಯಾಡ, ಗಂಟು ಬೀಳ್ತೇತಿ. ಹೊಸಾದು ಬಿಗಿಯಾಗಿ ತುಂಬಿದ್ರ ಹತ್ತು ವರ್ಷ ಕಣ್ಣು ಮುಚ್ಚಿ ಬರ್ತೇತಿ."

ಹತ್ತು ವರ್ಷ! ಅಷ್ಟು ದಿನ ಬೇಕಾಗದಿರಲಪ್ಪ ಶಿವನೇ ಎಂದುಕೊಂಡಳು ಹೊನ್ನವ್ವ. ಆದರೂ ಚೌಕಾಶಿ ಬಿಡಲಿಲ್ಲ.

ಮದುವೆ ಮುಗಿಯಿತು. ಮಗಳನ್ನು ಬಿಡಲು ಹಿರೇಕೆರೂರಿಗೆ ಹೋದಾಗ ಬಂಡಿಯಿಂದ ಗಾದಿ ಇಳಿಯುವುದನ್ನು ಕಂಡು ಮಹಾದೇವಕ್ಕನ ಮುಖ ಬಿಳಚಿಕೊಂಡಿತು.

"ಬ್ಯಾಡ ಅಂದಿದ್ನೆಲ್ರಿ!"

"ತವರಿನ ಪದ್ಧತಿರಿ."

"ನಮ್ಮಲ್ಲಿ ಅಂಥಾ ಪದ್ಧತಿ ಇಲ್ರಿ."

ಹೊನ್ನವ್ವ ಕೇಳುವವಳೇ? ಗಾದಿ ಹೊತ್ತುಕೊಂಡು ಸೀದಾ ಕೋಣೆಗೆ ನುಗ್ಗಿ, ಮಂಚದ ಮೇಲಿದ್ದುದಕ್ಕೆ ಕೈ ಹಾಕಿದಳು. ಮಹಾದೇವಕ್ಕ ಅದರ ಇನ್ನೊಂದು ತುದಿ ಹಿಡಿದಳು. ಇಬ್ಬರು ಬೀಗತಿಯರು, ಅದೂ ಮದುಮಕ್ಕಳ ಮಂಚದ ಮೇಲೆ, ಹಗ್ಗ ಜಗ್ಗಿದ ಹಾಗೆ ಜಗ್ಗಾಡಿದರು. ಛೀ, ನೋಡಿದವರು ಏನಂದಾರು! ಕೊನೆಗೆ ಮಹಾದೇವಕ್ಕ ಕೈ ಬಿಟ್ಟು, ಹೋಗಿ ಬಾಗಿಲು ಮುಚ್ಚಿ ಬಂದಳು.

ಇವಳಿಗೆ ಎಲ್ಲ ಗೊತ್ತಾಗಿದೆ ಎಂದು ಹೊನ್ನವ್ವ ಗಾದಿ ಬಿಟ್ಟು ಹಿಂದೆ ಸರಿದಳು.

ಮಹಾದೇವಕ್ಕ ಬಂದವಳೇ ಅವಳ ಕಾಲಿಗೆ ಬಿದ್ದಳು. ಗಂಡಿನ ತಾಯಿ, ಹೆಣ್ಣಿನ ತಾಯಿಯ ಕಾಲಿಗೆ!

"ನಮ್ಮ ಗಾದಿ ತೆಗೀಬ್ಯಾಡ್ರಿ ಅಕ್ಕಾರ. ನನ್ನ ಮಗ... ಅಷ್ಟು ದೊಡ್ಡಾಂವ ಆದ್ರೂ ನಿದ್ದ್ಯಾಗ ಹಾಸಿಗಿ ತೋಯಿಸ್ಕೋತಾನ. ಅದಕ್ಕಂತನ ಮಾಡಿಸೇನ್ರಿ ಇದನ್ನ. ನಿಮಗ ಮುಚ್ಚಿಟ್ಟೆ. ಮಗಳನ್ನ ತಿರುಗಿ ಕರಕೊಂಡು ಹೋಗಬ್ಯಾಡ್ರಿ."

'ನನ್ನ ಮಗಳೂ ಹಂಗ' ಎಂಬ ಮಾತು ಹೊನ್ನವ್ವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಷ್ಟು ವರ್ಷ ಕಂಡವರ ಮುಂದೆಲ್ಲ ತಲೆ ತಗ್ಗಿಸಿದವಳ ಮುಂದೆ ಮೊದಲ ಸಲ ಇನ್ನೊಬ್ಬಳು ತಲೆ ತಗ್ಗಿಸಿದ್ದಳು. ಆ ಸುಖಕ್ಕೆ ಹಾಳು ನಾಲಿಗೆ ಹೊರಳಿತು.

"ಏಳ್ರಿ, ಆಗಿದ್ದು ಆಗಿಹೋತು. ನನ್ನ ಮಗಳ ಹಣೇಬರಹ. ಹ್ಯಾಂಗರ ಸಹಿಸ್ಕೋತಾಳ."

ಅಂದ ಮರುಗಳಿಗೆಯೇ ನಾಚಿಕೆಯಿಂದ ಅವಳ ಮೈಯೆಲ್ಲ ಬೆವರಿತು. ಹದಿನೈದು ವರ್ಷ ಹಾಸಿಗೆ ತೊಳೆಯುವಾಗಲೂ ಅಷ್ಟು ನಾಚಿರಲಿಲ್ಲ. ಆದರೂ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಸುಶೀಲವ್ವ ನಿಂತಿದ್ದಳು. ಅವ್ವನ ಕಡೆ ನೋಡಲೇ ಇಲ್ಲ.

"ಅತ್ತೀ, ಎರಡೂ ಗಾದಿ ಇರ್ಲಿರಿ. ಒಂದು ಅವರಿಗೆ, ಒಂದು ನನಗ."